ಪೆಟ್ಟಿಗೆಯ ಮುದ್ರೆ ಮತ್ತು ಮಾರಿದವನ ವಿಳಾಸ
ವಿದೇಶದಲ್ಲಿರುವ ಸೈನಿಕರಿಗೆ ಮಾರುವ ಸಿಗಾರ್‌ಗಳಲ್ಲಿ ಅಸಲು ಯಾವುದು, ನಕಲು ಯಾವುದು: ನಮ್ಮ ವರ್ತಕರು ಅರಿಯಬೇಕಾದ ಕೆಲವು ಸಂಗತಿಗಳು

ಚಾಮರಾಜನಗರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಚಂದಕವಾಡಿಯಲ್ಲಿ ದಿನಸಿ ಅಂಗಡಿ ನಡೆಸುವ ವರ್ತಕ ಮಿತ್ರರೊಬ್ಬರು ಒಮ್ಮೆ ಮರದ ಪೆಟ್ಟಿಗೆಯೊಂದನ್ನು ನನ್ನ ಮುಂದಿಟ್ಟರು. ಅದರೊಳಗೆ ಇಪ್ಪತ್ತೈದು ಸಿಗಾರ್‌ಗಳಿದ್ದವು. ಪ್ರತಿಯೊಂದಕ್ಕೂ ‘ಕೊಹೀಬಾ’ ಎಂಬ ಹೆಸರಿನ ಕಾಗದದ ಪಟ್ಟಿ ಸುತ್ತಲಾಗಿತ್ತು. ಪೆಟ್ಟಿಗೆಯ ಮುಚ್ಚಳಕ್ಕೆ ಗಾಜು ಕೂರಿಸಿದ್ದು, ನೋಡಲು ಬಹಳ ಅಂದವಾಗಿತ್ತು. ಸೈನ್ಯದಲ್ಲಿರುವ ಅವರ ಸೋದರಳಿಯ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯೊಂದಿಗೆ ಲೆಬನಾನಿನಲ್ಲಿ ಸೇವೆ ಸಲ್ಲಿಸಿ ಮರಳುವಾಗ, ಶಿಬಿರದ ಹೊರಗಿನ ಅಂಗಡಿಯೊಂದರಲ್ಲಿ ಐವತ್ತು ಡಾಲರ್ ತೆತ್ತು ತಂದದ್ದಂತೆ.

“ನಮ್ಮ ಮನೆಯಲ್ಲಿ ಸೇದುವವರು ಯಾರೂ ಇಲ್ಲ. ಮೈಸೂರಿನ ಹೋಟೆಲಿನವರೊಬ್ಬರು ಕೇಳುತ್ತಿದ್ದಾರೆ. ಒಂದೊಂದಕ್ಕೆ ಸಾವಿರಾರು ರೂಪಾಯಿ ಬರುತ್ತದಂತೆ. ಕೊಡಬಹುದೇ?” ಎಂಬುದು ಅವರ ಪ್ರಶ್ನೆಯಾಗಿತ್ತು. ಮೊದಲ ನೋಟಕ್ಕೆ ಇದು ಸಣ್ಣ ಪ್ರಶ್ನೆ. ಆದರೆ ಉತ್ತರ ಹುಡುಕಹೊರಟಾಗ, ಅಸಲು ಮಾಲು ಎಂದರೇನು, ಅದನ್ನು ಯಾವುದರಿಂದ ನಿರ್ಧರಿಸಬೇಕು ಎಂಬ, ನಮ್ಮೆಲ್ಲರ ವ್ಯಾಪಾರಕ್ಕೂ ಸಂಬಂಧಿಸಿದ ವಿಚಾರವೇ ಎದುರಾಯಿತು.

ಸೈನಿಕನೇ ಗಿರಾಕಿ ಏಕೆ?

ಭಾರತದ ಸೇನಾ ತುಕಡಿಗಳು 1998ರಿಂದ ದಕ್ಷಿಣ ಲೆಬನಾನಿನ ವಿಶ್ವಸಂಸ್ಥೆಯ ಪಡೆಯಲ್ಲಿ ಸೇವೆ ಸಲ್ಲಿಸಿವೆ. ಕಾಂಗೋ, ದಕ್ಷಿಣ ಸುಡಾನ್ ಮೊದಲಾದ ದೇಶಗಳಲ್ಲಿಯೂ ನಮ್ಮ ಯೋಧರು ದುಡಿದಿದ್ದಾರೆ. 2001ರ ನಂತರ ಅಫ್ಘಾನಿಸ್ತಾನದಲ್ಲಿಯೂ 2003ರ ನಂತರ ಇರಾಕಿನಲ್ಲಿಯೂ ಅಮೆರಿಕ ಮತ್ತು ಅದರ ಮಿತ್ರರಾಷ್ಟ್ರಗಳ ಪಡೆಗಳು ನೆಲೆಸಿದ್ದ ಕಾಲದಲ್ಲಿ ಶಿಬಿರಗಳ ಆಸುಪಾಸಿನ ಬಜಾರುಗಳಲ್ಲಿ ಕೈಗಡಿಯಾರ, ಕಂಬಳಿ, ರತ್ನದ ಹರಳುಗಳ ಜೊತೆಗೆ ‘ಕ್ಯೂಬಾದ ಸಿಗಾರ್’ ಕೂಡ ಮಾರಾಟವಾಗುತ್ತಿತ್ತು. ಅದರಲ್ಲಿ ನಕಲಿ ಮಾಲು ಹೇರಳವಾಗಿತ್ತು.

ನಕಲಿ ಮಾರುವವನಿಗೆ ಇಂತಹ ಸೈನಿಕನಿಗಿಂತ ಅನುಕೂಲಕರ ಗಿರಾಕಿ ಮತ್ತೊಬ್ಬನಿಲ್ಲ. ಆತನ ಕೈಯಲ್ಲಿ ಸಂಬಳದ ಹಣವಿರುತ್ತದೆ, ಊರಿಗೆ ಏನನ್ನಾದರೂ ಒಯ್ಯಬೇಕೆಂಬ ಆಸೆಯಿರುತ್ತದೆ. ಕೊಂಡದ್ದನ್ನು ಆತ ಅಲ್ಲಿಯೇ ಬಳಸುವುದಿಲ್ಲ. ತಿಂಗಳುಗಳ ನಂತರ ಸಾವಿರಾರು ಮೈಲಿ ದೂರದ ಊರಿನಲ್ಲಿ ಪೆಟ್ಟಿಗೆ ತೆರೆಯುತ್ತಾನೆ. ಆಗ ಮೋಸ ತಿಳಿದರೂ ಮತ್ತೆ ಆ ಅಂಗಡಿಗೆ ಹೋಗಿ ಕೇಳುವಂತಿಲ್ಲ. ಅಮೆರಿಕದ ಸೈನಿಕನ ಸ್ಥಿತಿ ಇನ್ನೂ ವಿಚಿತ್ರವಾಗಿತ್ತು. ಕ್ಯೂಬಾದ ಮೇಲೆ 1962ರಲ್ಲಿ ಅಮೆರಿಕ ವಿಧಿಸಿದ ವ್ಯಾಪಾರ ನಿರ್ಬಂಧದಿಂದಾಗಿ ಆ ಮಾಲನ್ನು ಕೊಳ್ಳುವುದೇ ಆತನಿಗೆ ನಿಷಿದ್ಧವಾಗಿತ್ತು. ನಿಷಿದ್ಧ ವಸ್ತು ನಕಲಿಯಾಗಿತ್ತೆಂದು ಆತ ಯಾರಲ್ಲಿ ದೂರು ಹೇಳಬೇಕು?

ಇದಕ್ಕೆ ಹೋಲಿಸಿದಾಗ 1948ರಲ್ಲಿ ಸ್ಥಾಪನೆಯಾದ ನಮ್ಮ ಸೇನೆಯ ಕ್ಯಾಂಟೀನ್ ಸ್ಟೋರ್ಸ್ ಡಿಪಾರ್ಟ್‌ಮೆಂಟಿನ ವ್ಯವಸ್ಥೆ ಗಮನಾರ್ಹವಾದುದು. ಅಲ್ಲಿ ಕೊಂಡ ಸೋಪಾಗಲಿ ಬಿಸ್ಕತ್ತಾಗಲಿ ಅಸಲಿಯೇ ಎಂದು ಯೋಧ ಪರೀಕ್ಷಿಸಿ ನೋಡುವುದಿಲ್ಲ. ಮಾಲು ಎಲ್ಲಿಂದ ಬಂತೆಂಬ ದಾಖಲೆ ಇದೆ, ಕೇಳಿದರೆ ಉತ್ತರಿಸುವವರು ಇದ್ದಾರೆ ಎಂಬ ಭರವಸೆಯೇ ಅಲ್ಲಿ ಪರೀಕ್ಷೆಯ ಸ್ಥಾನದಲ್ಲಿ ನಿಂತಿರುತ್ತದೆ.

ಪೆಟ್ಟಿಗೆಯ ಪರೀಕ್ಷೆ

ಕ್ಯೂಬಾದ ಸಿಗಾರ್‌ಗಳನ್ನು ವಿಶ್ವದೆಲ್ಲೆಡೆ ಮಾರುವ ಹಕ್ಕು ‘ಹಬಾನೋಸ್ ಎಸ್.ಎ.’ ಎಂಬ ಒಂದೇ ಸಂಸ್ಥೆಗೆ ಸೇರಿದ್ದಾಗಿದೆ. ಹೀಗಾಗಿ ಅಸಲು ಪೆಟ್ಟಿಗೆಯ ಲಕ್ಷಣಗಳು ಬಹುಮಟ್ಟಿಗೆ ನಿಶ್ಚಿತವಾಗಿವೆ. ಮುಖ್ಯವಾದವು ಇವು:

1. ಸರ್ಕಾರದ ಖಾತರಿ ಚೀಟಿ: 1912ರ ಕ್ಯೂಬಾ ಕಾನೂನಿನಂತೆ ಪೆಟ್ಟಿಗೆಗೆ ಹಸಿರು ಬಣ್ಣದ ಚೀಟಿ ಅಂಟಿಸಲಾಗುತ್ತದೆ. ಈಚಿನ ಚೀಟಿಗಳಲ್ಲಿ ಹೊಲೊಗ್ರಾಂ ಮತ್ತು ಬಾರ್‌ಕೋಡ್ ಇದ್ದು, ಆ ಸಂಖ್ಯೆಯನ್ನು ಸಂಸ್ಥೆಯ ಅಂತರಜಾಲ ತಾಣದಲ್ಲಿ ತಾಳೆ ನೋಡಬಹುದು.

2. ‘ಹಬಾನೋಸ್’ ಪಟ್ಟಿ: 1994ರಿಂದ ಪೆಟ್ಟಿಗೆಯ ಮೂಲೆಗೆ ಓರೆಯಾಗಿ ಅಂಟಿಸುವ ಮೂಲಸ್ಥಾನದ ಗುರುತು.

3. ತಳದ ಮುದ್ರೆ: ಸಂಸ್ಥೆಯ ಹೆಸರು, ಕ್ಯೂಬಾದಲ್ಲಿ ತಯಾರಾದದ್ದು, ಸಂಪೂರ್ಣ ಕೈಯಿಂದ ಸುತ್ತಿದ್ದು ಎಂಬ ಸ್ಪ್ಯಾನಿಷ್ ಒಕ್ಕಣೆಯನ್ನು ಕಾದ ಅಚ್ಚಿನಿಂದ ಮರಕ್ಕೆ ಸುಟ್ಟು ಒತ್ತಿರಬೇಕು. ಬೆರಳಾಡಿಸಿದರೆ ತಗ್ಗು ತಿಳಿಯಬೇಕು. ಪಕ್ಕದಲ್ಲಿ ಕಾರ್ಖಾನೆಯ ಸಂಕೇತ ಹಾಗೂ ತಿಂಗಳು, ವರ್ಷದ ಶಾಯಿ ಮುದ್ರೆ ಇರಬೇಕು.

4. ಕಾಗದದ ಪಟ್ಟಿ: ಅಕ್ಷರಗಳು ಸ್ಪಷ್ಟವಾಗಿರಬೇಕು, ಚಿಕ್ಕ ಚೌಕಗಳ ಸಾಲು ಎಲ್ಲಿಯೂ ಅರ್ಧಕ್ಕೆ ತುಂಡಾಗಿರಬಾರದು. ಪೆಟ್ಟಿಗೆಯ ಎಲ್ಲ ಸಿಗಾರ್‌ಗಳಲ್ಲಿಯೂ ಪಟ್ಟಿ ಒಂದೇ ಎತ್ತರದಲ್ಲಿರಬೇಕು.

5. ಗಾಜಿನ ಮುಚ್ಚಳ: ಇಂತಹ ಪೆಟ್ಟಿಗೆಯಲ್ಲಿ ಕೊಹೀಬಾವನ್ನು ಸಂಸ್ಥೆ ಮಾರುವುದೇ ಇಲ್ಲ. ಪ್ರವಾಸಿಗಳ ಕಣ್ಣು ಸೆಳೆಯಲು ನಕಲಿಗಾರರು ಕಂಡುಕೊಂಡ ಉಪಾಯವಿದು.

ಚಂದಕವಾಡಿಯ ಪೆಟ್ಟಿಗೆ ಐದನೆಯ ಅಂಶದಲ್ಲಿಯೇ ಸೋತಿತ್ತು. ಬೆಲೆಯೂ ಸಾಕ್ಷಿ ಹೇಳುತ್ತಿತ್ತು. ಅಸಲು ಕೊಹೀಬಾದ ಇಪ್ಪತ್ತೈದರ ಪೆಟ್ಟಿಗೆ ಐವತ್ತು ಡಾಲರಿಗೆ ಎಲ್ಲಿಯೂ ಸಿಗುವಂಥದ್ದಲ್ಲ.

ಎಲೆಯ ಪರೀಕ್ಷೆ

ಹೊಗೆಸೊಪ್ಪಿನ ವ್ಯಾಪಾರ ಬಲ್ಲವರಿಗೆ ಪೆಟ್ಟಿಗೆಗಿಂತ ಒಳಗಿನ ಎಲೆಯೇ ಹೆಚ್ಚು ಹೇಳುತ್ತದೆ. ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆದು, ತಂಬಾಕು ಮಂಡಳಿಯ ಹರಾಜು ಕಟ್ಟೆಗಳಲ್ಲಿ ಮಾರಾಟವಾಗುವ ವರ್ಜೀನಿಯಾ ತಂಬಾಕನ್ನು ಬ್ಯಾರನ್ನಿನ ಬಿಸಿಯಲ್ಲಿ ಹದಗೊಳಿಸುತ್ತಾರೆ. ಅದು ಹಳದಿ ಬಣ್ಣಕ್ಕೆ ತಿರುಗಿ ಸಿಗರೇಟಿಗೆ ಹೋಗುತ್ತದೆ. ಸಿಗಾರ್‌ನ ಎಲೆಯ ದಾರಿಯೇ ಬೇರೆ. ಅದನ್ನು ಗಾಳಿಯಲ್ಲಿ ಒಣಗಿಸಿ, ರಾಶಿ ಹಾಕಿ ತಿಂಗಳುಗಟ್ಟಲೆ ಹುದುಗು ಬರಿಸುತ್ತಾರೆ. ಆ ಕಂದು ಬಣ್ಣವೂ ಗಾಢ ವಾಸನೆಯೂ ಹೀಗೆ ಬಂದವು.

ಕೈಯಿಂದ ಸುತ್ತಿದ ಉತ್ತಮ ಕ್ಯೂಬಾ ಸಿಗಾರ್‌ನಲ್ಲಿ ತುದಿಯಿಂದ ತುದಿಗೆ ಉದ್ದನೆಯ ಎಲೆಗಳನ್ನು ಮಡಿಸಿ ಇಡಲಾಗಿರುತ್ತದೆ. ತಲೆಯ ಭಾಗವನ್ನು ಎಲೆಯ ಚೂರುಗಳಿಂದ ಸಾಮಾನ್ಯವಾಗಿ ಮೂರು ಸುತ್ತಾಗಿ ಮುಚ್ಚಿರುತ್ತಾರೆ. ಕೆಲಸಗಾರರು ಬಣ್ಣದ ಛಾಯೆ ನೋಡಿ ಪೆಟ್ಟಿಗೆಯಲ್ಲಿ ಕ್ರಮವಾಗಿ ಜೋಡಿಸುತ್ತಾರೆ. ನಮ್ಮ ಮಿತ್ರರ ಅನುಮತಿ ಪಡೆದು ಒಂದನ್ನು ಉದ್ದಕ್ಕೆ ಸೀಳಿ ನೋಡಲಾಯಿತು. ಒಳಗೆ ಪುಡಿ, ಚೂರು, ದಂಟಿನ ತುಣುಕುಗಳು ಉದುರಿದವು.

ಉರಿಸಿ ನೋಡುವ ಪದ್ಧತಿಯೂ ಹಳೆಯದು. ಆರ್ಥರ್ ಕಾನನ್ ಡಾಯ್ಲ್ ಅವರ 1887ರ ಕಾದಂಬರಿಯಲ್ಲಿ ಷರ್ಲಾಕ್ ಹೋಮ್ಸ್, ಬೂದಿ ನೋಡಿಯೇ ಅದು ತಿರುಚಿನಾಪಳ್ಳಿಯ ಚುಟ್ಟ ಎಂದು ನಿರ್ಧರಿಸುತ್ತಾನೆ. ಬ್ರಿಟಿಷರ ಕಾಲದಲ್ಲಿ ತಿರುಚಿನಾಪಳ್ಳಿ, ದಿಂಡಿಗಲ್ ಕಡೆಯ ಚುಟ್ಟಗಳಿಗೆ ಅಷ್ಟು ಹೆಸರಿತ್ತು. ನಮ್ಮ ಜಿಲ್ಲೆಯ ಕೊಳ್ಳೇಗಾಲದ ರೇಷ್ಮೆ ವರ್ತಕರಿಗೂ ಬೂದಿಯ ಭಾಷೆ ಹೊಸದಲ್ಲ. ಎಳೆಯೊಂದನ್ನು ಸುಟ್ಟಾಗ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್.

ಗುರುತನ್ನೂ ನಕಲು ಮಾಡಬಹುದು

ಇಷ್ಟೆಲ್ಲ ಲಕ್ಷಣಗಳನ್ನು ಕಂಠಪಾಠ ಮಾಡಿದರೂ ಒಂದು ತೊಡಕು ಉಳಿಯುತ್ತದೆ. ನಾವು ಓದುವ ಪಟ್ಟಿಯನ್ನೇ ನಕಲಿಗಾರನೂ ಓದುತ್ತಾನೆ. ಚೀಟಿಯನ್ನು ಅಚ್ಚು ಹಾಕಿಸುತ್ತಾನೆ, ಇಲ್ಲವೇ ಬರಿದಾದ ಅಸಲು ಪೆಟ್ಟಿಗೆಯನ್ನೇ ತಂದು ತನ್ನ ಮಾಲು ತುಂಬುತ್ತಾನೆ. ಇನ್ನು ಹೆಸರೇ ಗೊಂದಲಕ್ಕೆ ಕಾರಣವಾಗುವುದೂ ಉಂಟು. ಕ್ಯೂಬಾದ ಕೊಹೀಬಾ ಅಲ್ಲದೆ, ಅಮೆರಿಕದ ಕಂಪನಿಯೊಂದು ಡೊಮಿನಿಕನ್ ಗಣರಾಜ್ಯದಲ್ಲಿ ಮಾಡಿಸಿ ಅದೇ ಹೆಸರಿನಲ್ಲಿ ಮಾರುವ ಸಿಗಾರ್ ಕೂಡ ಇದೆ. ಇದು ಕದ್ದು ಮಾಡಿದ ಮಾಲಲ್ಲ, ಕ್ಯೂಬಾದ್ದೂ ಅಲ್ಲ. ಆ ಹೆಸರು ಯಾರದೆಂಬ ವ್ಯಾಜ್ಯ ಅಮೆರಿಕದಲ್ಲಿ ದಶಕಗಳ ಕಾಲ ನಡೆದಿದೆ.

ಹೆಸರಿನ ಬೆಲೆ ಎಷ್ಟೆಂಬುದಕ್ಕೆ ದೂರ ಹೋಗಬೇಕಿಲ್ಲ. ಮೈಸೂರಿನ ಮಂಗಳೂರು ಗಣೇಶ್ ಬೀಡಿ ವರ್ಕ್ಸ್‌ನ ಪಾಲುದಾರಿಕೆ ವಿಸರ್ಜನೆಯಾದ ನಂತರ, 1994ರಲ್ಲಿ ನ್ಯಾಯಾಲಯದ ಮೂಲಕ ನಡೆದ ಮಾರಾಟದಲ್ಲಿ ಆ ಸಂಸ್ಥೆ 92 ಕೋಟಿ ರೂಪಾಯಿಗೆ ಹೋಯಿತು. ಅದರಲ್ಲಿ ಟ್ರೇಡ್‌ಮಾರ್ಕ್ ಮುಂತಾದ ಹಕ್ಕುಗಳಿಗೆ ಕೊಟ್ಟ ಹಣವನ್ನು ತೆರಿಗೆಯಲ್ಲಿ ಹೇಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂಬ ಪ್ರಶ್ನೆ 2015ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಬೀಡಿಯ ಕಟ್ಟಿನ ಮೇಲಿನ ಚೀಟಿಯ ಮಹತ್ವ ಇಷ್ಟು. ಬೆಲೆಯಿರುವ ಹೆಸರಿಗೆ ನಕಲೂ ತಪ್ಪಿದ್ದಲ್ಲ. 2024ರ ಜನವರಿಯಲ್ಲಿ ನಕಲಿ ಮೈಸೂರು ಸ್ಯಾಂಡಲ್ ಸೋಪು ತಯಾರಿಸುತ್ತಿದ್ದ ಜಾಲ ಹೈದರಾಬಾದಿನಲ್ಲಿ ಪತ್ತೆಯಾದದ್ದು ಓದುಗರಿಗೆ ನೆನಪಿರಬಹುದು.

ಆದುದರಿಂದ ‘ಇದರ ಮೇಲೆ ಏನಿದೆ?’ ಎಂಬುದಕ್ಕಿಂತ ‘ಇದು ಯಾರಿಂದ ಬಂತು, ಆತ ನಾಳೆ ಸಿಗುತ್ತಾನೆಯೇ?’ ಎಂಬುದೇ ಮೊದಲ ಪ್ರಶ್ನೆಯಾಗಬೇಕು. ಗುರುತುಗಳು ಆ ಉತ್ತರವನ್ನು ಬೆಂಬಲಿಸುವ ಸಾಕ್ಷಿಗಳು ಮಾತ್ರ.

ಕಾನೂನಿನ ನಿಲುವು

ನಮ್ಮ ಕಾನೂನೂ ಇದನ್ನೇ ಹೇಳುತ್ತದೆ. 1999ರ ಟ್ರೇಡ್‌ಮಾರ್ಕ್ ಅಧಿನಿಯಮದ 104ನೇ ಕಲಮಿನಂತೆ ಸುಳ್ಳು ಟ್ರೇಡ್‌ಮಾರ್ಕಿನ ಮಾಲನ್ನು ಮಾರುವುದಷ್ಟೇ ಅಲ್ಲ, ಮಾರಾಟಕ್ಕಾಗಿ ಇಟ್ಟುಕೊಳ್ಳುವುದೂ ಅಪರಾಧ. ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, ಐವತ್ತು ಸಾವಿರದಿಂದ ಎರಡು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಲು ಅಲ್ಲಿ ಅವಕಾಶವಿದೆ. ಸದ್ಭಾವನೆಯ ವರ್ತಕನಿಗೆ ರಕ್ಷಣೆಯೂ ಉಂಟು. ತಾನು ತಕ್ಕ ಎಚ್ಚರ ವಹಿಸಿದ್ದೆ, ಸಂಶಯಕ್ಕೆ ಕಾರಣವಿರಲಿಲ್ಲ ಎಂದು ತೋರಿಸಿ, ಮಾಲು ಯಾರಿಂದ ಬಂತೆಂಬ ವಿವರವನ್ನು ಕೇಳಿದಾಗ ಒದಗಿಸಿದವನು ಪಾರಾಗಬಹುದು. ಬಿಲ್ಲು ಇಲ್ಲದವನು ಈ ವಿವರ ಒದಗಿಸುವುದಾದರೂ ಹೇಗೆ?

ತಂಬಾಕಿನ ವಿಷಯದಲ್ಲಿ ಮತ್ತಷ್ಟು ಕಟ್ಟುಪಾಡುಗಳಿವೆ. 2003ರ ತಂಬಾಕು ನಿಯಂತ್ರಣ ಕಾನೂನಿನಂತೆ, ಆಮದಾದ ಮಾಲೂ ಸೇರಿದಂತೆ ಭಾರತದಲ್ಲಿ ಮಾರುವ ಪೊಟ್ಟಣಗಳ ಮೇಲೆ ನಿಗದಿತ ಆರೋಗ್ಯ ಎಚ್ಚರಿಕೆ ಇರಲೇಬೇಕು. ಪೊಟ್ಟಣದಲ್ಲಿ ಬಂದ ಆಮದು ಮಾಲಿನ ಮೇಲೆ ಆಮದುದಾರನ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ನಮೂದಾಗಿರಬೇಕೆಂಬುದು ಕಾನೂನುಬದ್ಧ ಮಾಪನ ನಿಯಮ. ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ಸಿಗಾರ್‌ಗಳಿಗೆ 2016ರ ಬ್ಯಾಗೇಜ್ ನಿಯಮಗಳು 25ರ ಮಿತಿ ಹಾಕಿದ್ದವು. ಆ ರಿಯಾಯಿತಿ ಸ್ವಂತ ಬಳಕೆಗೇ ಹೊರತು ವ್ಯಾಪಾರಕ್ಕಲ್ಲ. ಅಂದರೆ ಆ ಪೆಟ್ಟಿಗೆ ಅಸಲಿಯೇ ಆಗಿದ್ದರೂ ಹೋಟೆಲಿಗೆ ಮಾರುವಂತಿರಲಿಲ್ಲ. ಅಸಲು ಸಿಗಾರ್ ಕೂಡ ಆರೋಗ್ಯಕ್ಕೆ ಹಾನಿಕರ. ನಕಲಿಯಲ್ಲಂತೂ ಏನು ಸೇರಿದೆಯೆಂಬುದೇ ತಿಳಿಯುವುದಿಲ್ಲ.

ನಮ್ಮ ಮಾಲಿನ ಗತಿಯೇನು?

ಕೊಳ್ಳುವವರಾಗಿ ಮಾತ್ರವಲ್ಲ, ಮಾರುವವರಾಗಿಯೂ ನಾವು ಈ ಪ್ರಶ್ನೆಯನ್ನು ಎದುರಿಸಬೇಕಾಗಿದೆ. ಚಾಮರಾಜನಗರ, ಗುಂಡ್ಲುಪೇಟೆಯ ಅರಿಸಿನ ಗಡಿ ದಾಟಿ ಈರೋಡಿನ ಮಾರುಕಟ್ಟೆ ಸೇರುತ್ತದೆ. ಅಲ್ಲಿಂದ ಮುಂದೆ ಹೋಗುವಾಗ ಅದರೊಡನೆ ನಮ್ಮ ಊರಿನ ಹೆಸರು ಹೋಗುವುದು ವಿರಳ. ‘ಈರೋಡ್ ಮಂಜಳ್’ 2019ರಲ್ಲಿ ಭೌಗೋಳಿಕ ಗುರುತು ಪಡೆದುಕೊಂಡಿತು. ರೇಷ್ಮೆಗೆ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಿಂದ ‘ಸಿಲ್ಕ್ ಮಾರ್ಕ್’ ಇದೆ. ಗುರುತು ಪಡೆಯುವುದು ಒಳ್ಳೆಯ ಹೆಜ್ಜೆ. ಆದರೆ ಅದರ ಹಿಂದೆ ದಾಖಲೆ ಇದ್ದಾಗ ಮಾತ್ರ ಅದಕ್ಕೆ ಬಲ. ಸಣ್ಣ ಉತ್ಪಾದಕರು ಹೆಚ್ಚಿನ ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳಿವೆ:

– ಪ್ರತಿ ಪೊಟ್ಟಣಕ್ಕೂ ತಂಡದ ಸಂಖ್ಯೆ, ತಯಾರಿಕೆಯ ದಿನಾಂಕ, ಪೂರ್ಣ ವಿಳಾಸ ಹಾಕುವುದು.
– ಯಾವ ತಂಡ ಯಾವ ಅಂಗಡಿಗೆ ಹೋಯಿತೆಂದು ಪುಸ್ತಕದಲ್ಲಿ ಬರೆದಿಡುವುದು.
– ಹೆಸರನ್ನೂ ಚಿಹ್ನೆಯನ್ನೂ ನೋಂದಾಯಿಸುವುದು.
– ಬಿಲ್ಲಿಲ್ಲದ ಅಗ್ಗದ ಮಾಲನ್ನು, ಪರಿಚಿತರು ತಂದರೂ, ಮಾರಾಟಕ್ಕೆ ಇಡದಿರುವುದು.
– ದೂರು ಹೊತ್ತು ಬಂದ ಗಿರಾಕಿಯನ್ನು ಗದರಿಸದೆ, ಆತ ತಂದ ಪೊಟ್ಟಣವನ್ನು ಇಸಿದುಕೊಂಡು ನೋಡುವುದು. ನಮ್ಮ ಹೆಸರಿನ ನಕಲು ಮೊದಲು ಪತ್ತೆಯಾಗುವುದು ಬಹುಶಃ ಆತನಿಂದಲೇ.

ವಿಷಯವನ್ನೆಲ್ಲ ಕೇಳಿದ ಚಂದಕವಾಡಿಯ ಮಿತ್ರರು ಪೆಟ್ಟಿಗೆಯನ್ನು ಒಳಗಿಟ್ಟು, ಹೋಟೆಲಿನವರಿಗೆ ಇಲ್ಲವೆಂದು ಹೇಳಿಕಳುಹಿಸಿದರು. ಅಳಿಯನಿಗೆ ಮಾತ್ರ ಏನೂ ತಿಳಿಸಲಿಲ್ಲ. “ಪ್ರೀತಿಯಿಂದ ತಂದದ್ದು. ಅದಂತೂ ನಕಲಿಯಲ್ಲವಲ್ಲ” ಎಂದರು. ನಂತರ ತಮ್ಮ ಅಂಗಡಿಯಲ್ಲಿ ಮಾರುವ ಅರಿಸಿನದ ಪುಡಿಯ ಪೊಟ್ಟಣವೊಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಮುಂಭಾಗದಲ್ಲಿ ದೇವರ ಚಿತ್ರ, ಅಂಗಡಿಯ ಹೆಸರು ಇದ್ದವು. ಹಿಂಭಾಗ ಖಾಲಿಯಾಗಿತ್ತು. “ಇದನ್ನು ಕೊಂಡವರು ನನ್ನನ್ನು ಎಲ್ಲಿ ಹುಡುಕಬೇಕು?” ಎಂದು ತಾವೇ ಕೇಳಿಕೊಂಡರು.

ಆ ಪ್ರಶ್ನೆಯನ್ನು ನಮ್ಮ ವರ್ತಕ ಬಾಂಧವರೆಲ್ಲರೂ ತಮ್ಮ ತಮ್ಮ ಪೊಟ್ಟಣದ ಹಿಂಭಾಗ ನೋಡಿ ಒಮ್ಮೆ ಕೇಳಿಕೊಳ್ಳುವುದು ಉಚಿತ.