120 ಅಡಿಗಳ ಹುಟ್ಟುಹಬ್ಬ

ಮಕ್ಕಳನ್ನು ವಸ್ತುಸಂಗ್ರಹಾಲಯಕ್ಕೆ ಕರೆದೊಯ್ಯುವ ಹಿರಿಯರಿಗೆ ಒಂದು ಚಪಲವುಂಟು. ಟಿಕೆಟ್ಟಿನ ಹಣ ವ್ಯರ್ಥವಾಗಬಾರದೆಂದು ಪ್ರತಿಯೊಂದು ಕೊಠಡಿಯನ್ನೂ ಪ್ರತಿಯೊಂದು ಫಲಕವನ್ನೂ ತೋರಿಸಿಯೇ ತೀರುವುದು! ಭೌತವಿಜ್ಞಾನದ ಅಧ್ಯಾಪಕನಾದರಂತೂ ಕೇಳುವುದೇ ಬೇಡ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ನನ್ನ ಮಗನನ್ನು ಮೊದಲ ಸಲ ಕರೆದೊಯ್ದಾಗ ನಾನು ಮಾಡಿದ್ದೂ ಇದನ್ನೇ. ಎರಡು ಗಂಟೆಗಳ ನನ್ನ ಉಪನ್ಯಾಸವನ್ನು ಸಹಿಸಿಕೊಂಡ ಆ ಏಳು ವರ್ಷದ ಬಾಲಕ ಕೇಳಿದ ಪ್ರಶ್ನೆ ಒಂದೇ: "ಅಪ್ಪಾ, ಮನೆಗೆ ಯಾವಾಗ ಹೋಗೋದು?"

ಎರಡನೆಯ ಸಲ ನನ್ನ ಪತ್ನಿಯೂ ಜೊತೆಗೂಡಿದಳು. "ಈ ಸಲ ನೀವು ಸುಮ್ಮನಿರಿ, ಅವನೇ ನೋಡಲಿ" ಎಂಬುದು ಆಕೆಯ ಕಟ್ಟಪ್ಪಣೆ. ಹುಡುಗನು ರೈಟ್ ಸಹೋದರರ 1903ರ ವಿಮಾನದ ಪೂರ್ಣಗಾತ್ರದ ಪ್ರತಿಕೃತಿಯ ಬಳಿ ನಿಂತವನು ಅರ್ಧ ಗಂಟೆ ಕದಲಲಿಲ್ಲ. ಕೊನೆಗೆ, "ಇದಕ್ಕೆ ಚಕ್ರವೇ ಇಲ್ವಲ್ಲಪ್ಪಾ!" ಎಂದನು.

ಹೌದು, ಚಕ್ರಗಳಿಲ್ಲ. ಅದು 60 ಅಡಿಗಳ ಹಳಿಯೊಂದರ ಮೇಲೆ ಓಡಿ ಮೇಲೇರುತ್ತಿತ್ತು. ಇಳಿಯುವಾಗ ಮರದ ಜಾರುಪಟ್ಟಿಗಳ ಮೇಲೆ ಮರಳಿಗಿಳಿಯುತ್ತಿತ್ತು. 1903ರ ಡಿಸೆಂಬರ್ 17ರಂದು ಅಮೆರಿಕದ ಕಿಟಿ ಹಾಕ್ ಬಳಿಯ ಕಡಲ ತೀರದಲ್ಲಿ ಆರ್ವಿಲ್ ರೈಟ್ ಮೊದಲು ಹಾರಿದ್ದು ಸುಮಾರು 12 ಸೆಕೆಂಡು, 120 ಅಡಿ. ಬೋಯಿಂಗ್ 747 ವಿಮಾನದ ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ಇರುವ ಅಂತರವೇ ಇದಕ್ಕಿಂತ ಹೆಚ್ಚು.

ಮಗನ ಹುಟ್ಟುಹಬ್ಬವೂ ಡಿಸೆಂಬರಿನಲ್ಲಿಯೇ ಬರುತ್ತದೆ. ಹಬ್ಬದ ವಿಷಯ 'ಹಾರಾಟ' ಎಂದು ಮನೆಯಲ್ಲಿ ನಿಶ್ಚಯವಾಯಿತು. ಇದಕ್ಕೂ ಒಂದು ಪೂರ್ವನಿದರ್ಶನವಿದೆ. 1878ರಲ್ಲಿ ಮಿಲ್ಟನ್ ರೈಟ್ ಎಂಬ ಪಾದ್ರಿಯು ತನ್ನ ಕಿರಿಯ ಮಕ್ಕಳಿಗೆ ಬಿದಿರು, ಬೆಂಡು, ಕಾಗದಗಳಿಂದ ಮಾಡಿ ರಬ್ಬರ್ ಪಟ್ಟಿಯಿಂದ ಹಾರಿಸುವ ಆಟಿಕೆಯೊಂದನ್ನು ತಂದುಕೊಟ್ಟನು. ಅದು ಮುರಿದುಹೋದಾಗ ವಿಲ್ಬರ್ ಮತ್ತು ಆರ್ವಿಲ್ ತಾವೇ ಇನ್ನೊಂದನ್ನು ಮಾಡಿಕೊಂಡರು.

ನಮ್ಮ ಸಿದ್ಧತೆ ಅಲ್ಪ: ಹಳೆಯ ಉತ್ತರಪತ್ರಿಕೆಗಳ ಒಂದು ಕಟ್ಟು, ಒಂದು ಡಬ್ಬಿ ಜೆಮ್ ಕ್ಲಿಪ್ಪು, 120 ಅಡಿ ಹಗ್ಗ. (ಉತ್ತರಪತ್ರಿಕೆಗಳು ಅಷ್ಟು ಎತ್ತರಕ್ಕೇರಿದ್ದು ಅದೇ ಮೊದಲು.) ಎದುರಿನ ಮೈದಾನದಲ್ಲಿ ಹಗ್ಗವನ್ನು ನೇರವಾಗಿ ಹಾಸಿದೆವು. ಮಕ್ಕಳು ಅದರುದ್ದಕ್ಕೂ ಓಡಿ, "ಇಷ್ಟೇನಾ?" ಎಂದು ನಕ್ಕರು. ಅನಂತರ ತಮ್ಮ ಕಾಗದದ ವಿಮಾನಗಳನ್ನು ಎಸೆದು ನೋಡಿದಾಗ ನಗು ನಿಂತಿತು. ಒಂದೂ ಅರ್ಧದಷ್ಟು ದೂರ ಹೋಗಲಿಲ್ಲ.

ಮಗನ ವಿಮಾನದ ಗತಿ ಎಲ್ಲಕ್ಕಿಂತ ಹೀನ. ಮೂತಿಯನ್ನು ಮೇಲೆತ್ತುವುದು, ಗಾಳಿಯಲ್ಲಿ ಒಂದು ಕ್ಷಣ ನಿಂತಂತಾಗಿ ಧೊಪ್ಪನೆ ಬೀಳುವುದು. ಐದಾರು ಸಲ ಹೀಗಾದ ಮೇಲೆ, ಗೆಳೆಯರೆಲ್ಲರ ಎದುರಿಗೆ, ತನ್ನ ಹಬ್ಬದ ದಿನವೇ ಅವನು ವಿಮಾನವನ್ನು ಮುದುರಿ ಎಸೆದನು. "ನನಗೆ ಬರಲ್ಲ, ಒಳಗೆ ಹೋಗ್ತೀನಿ." ಭೌತವಿಜ್ಞಾನದಲ್ಲಿ ನಾನು ಪಡೆದ ಪದವಿಗಳಾವುವೂ ಆ ಕ್ಷಣದಲ್ಲಿ ನೆರವಿಗೆ ಬರಲಿಲ್ಲವೆಂದು ಒಪ್ಪಿಕೊಳ್ಳುತ್ತೇನೆ. ನೆನಪಿಗೆ ಬಂದುದು 1901ನೆಯ ಇಸವಿ. ಆ ವರ್ಷ ರೈಟ್ ಸಹೋದರರ ಗ್ಲೈಡರ್ ಲೆಕ್ಕದಂತೆ ಮೇಲೇಳದೆ ಅವರು ತೀರ ನಿರಾಶರಾಗಿ ಊರಿಗೆ ಮರಳಿದ್ದರು. ಅಲ್ಲಿ 6 ಅಡಿ ಉದ್ದದ ಗಾಳಿಸುರಂಗವೊಂದನ್ನು ಕಟ್ಟಿ, ಸುಮಾರು 200 ಬಗೆಯ ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದ್ದರು. ಅದನ್ನು ಹೇಳಿದೆ, ಈ ಸಲ ಎರಡೇ ವಾಕ್ಯಗಳಲ್ಲಿ. ಮುದುರಿದ ಕಾಗದವನ್ನು ಬಿಡಿಸಿ, ಒಂದು ಜೆಮ್ ಕ್ಲಿಪ್ಪನ್ನು ಅವನ ಕೈಗಿತ್ತೆ. ಎಲ್ಲಿ ಸಿಕ್ಕಿಸಬೇಕೆಂದು ಹೇಳಲಿಲ್ಲ.

ಅವನು ಮೊದಲು ಬಾಲಕ್ಕೆ ಸಿಕ್ಕಿಸಿದನು, ಇನ್ನೂ ಕೆಟ್ಟಿತು. ನಡುವೆ, ಪ್ರಯೋಜನವಿಲ್ಲ. ಮೂತಿಗೆ ಸಿಕ್ಕಿಸಿದಾಗ ವಿಮಾನವು ಹಗ್ಗದ ಪಕ್ಕದಲ್ಲಿ ನೆಟ್ಟಗೆ ಜಾರುತ್ತ ಸಾಗಿತು. ಗುರುತ್ವಕೇಂದ್ರವು ಮುಂದಕ್ಕೆ ಸರಿದರೆ, ಮೂತಿ ಎದ್ದಾಗಲೆಲ್ಲ ರೆಕ್ಕೆಗಳ ಮೇಲಿನ ಗಾಳಿಯ ಬಲವೇ ಅದನ್ನು ಮತ್ತೆ ತಗ್ಗಿಸುತ್ತದೆ. ಈ ವಿವರಣೆಯನ್ನು ಅಂದು ನಾನು ಕೊಡಲಿಲ್ಲ. ಓದುಗರಿಗೆ ಮಾತ್ರ ಕೊಡುತ್ತಿದ್ದೇನೆ. ನಿಮ್ಮ ಮನೆಯಲ್ಲಿ ತಮ್ಮನೋ ತಂಗಿಯೋ ಇದ್ದರೆ ಈ ಹಬ್ಬವನ್ನು ನೀವೂ ಏರ್ಪಡಿಸಬಹುದು. ಗಾಳಿಯಿಲ್ಲದ ಹೊತ್ತನ್ನು ಆರಿಸಿಕೊಳ್ಳಿ. ಕೇಕು ಕತ್ತರಿಸುವುದು ತಡವಾದೀತು. ನಮ್ಮಲ್ಲಿ ಅದು ಕತ್ತಲಾದ ಮೇಲೆ ಆಯಿತು.

ಮರುವಾರ ಮೂರನೆಯ ಸಲ ವಸ್ತುಸಂಗ್ರಹಾಲಯಕ್ಕೆ ಹೋಗಲೇಬೇಕೆಂದು ಹಠ ಹಿಡಿದವನು ಮಗನೇ. ಪ್ರತಿಕೃತಿಯ ಮುಂದೆ ನಿಂತು ಕೇಳಿದನು: "ಇದರ ಮೂತಿಗೆ ಕ್ಲಿಪ್ಪು ಬೇಡ್ವಾ ಅಪ್ಪಾ?"

ಬೇಕಾಗಿತ್ತು. 1903ರ ವಿಮಾನವು ಮೂತಿಯನ್ನು ಏರಿಳಿಸುತ್ತ ತೂರಾಡುತ್ತಿತ್ತು. 1904ರಲ್ಲಿ, ತಮ್ಮ ಎರಡನೆಯ ವಿಮಾನದ ಮುಂಭಾಗಕ್ಕೆ, ರೈಟ್ ಸಹೋದರರು ಸುಮಾರು 70 ಪೌಂಡು ಕಬ್ಬಿಣವನ್ನು ಕಟ್ಟಿದರು.