ಗ್ಲಾಸಿನಿಂದ ತಟ್ಟೆಗೆ: ಐರ್ಲೆಂಡಿನ ಪಬ್ಬುಗಳಿಗೆ ಊಟದ ಆಸರೆ

ಐರಿಷ್ ಪಬ್ ಎಂದೊಡನೆ ಬೆಂಗಳೂರಿನಂತಹ ನಗರದ ಓದುಗರಿಗೆ ನೆನಪಾಗುವುದು ಕಪ್ಪು ಬಿಯರು, ಮಂದ ಬೆಳಕು ಮತ್ತು ವಾರಾಂತ್ಯದ ಗದ್ದಲ. ಆದರೆ ಐರ್ಲೆಂಡಿನ ಯಾವುದಾದರೂ ಬಡಾವಣೆಯ ಪಬ್ಬನ್ನು ಮಧ್ಯಾಹ್ನ ಒಂದು ಗಂಟೆಗೆ ಹೊಕ್ಕರೆ ಕಾಣುವ ನೋಟವೇ ಬೇರೆ. ಕೌಂಟರಿನ ಮುಂದೆ ತಟ್ಟೆ ಹಿಡಿದು ಸಾಲುಗಟ್ಟಿದ ಕಚೇರಿ ನೌಕರರು, ಮೂಲೆಯ ಮೇಜಿನಲ್ಲಿ ಮೊಮ್ಮಕ್ಕಳೊಂದಿಗೆ ಸೂಪು ಸವಿಯುವ ವೃದ್ಧರು, ಪತ್ರಿಕೆ ಹರಡಿಕೊಂಡು ಚಹಾ ಕುಡಿಯುವ ನಿವೃತ್ತರು. ಮದ್ಯ ಮುಟ್ಟದವರಿಗೂ ಅಲ್ಲಿ ಜಾಗವುಂಟು.

ಈ ನೋಟದ ಹಿಂದೆ ಅಳಿವು ಉಳಿವಿನ ಪ್ರಶ್ನೆಯೊಂದಿದೆ. ಮದ್ಯೋದ್ಯಮದ ಒಕ್ಕೂಟ ಪ್ರಕಟಿಸಿದ ಅಂಕಿ ಅಂಶಗಳ ಪ್ರಕಾರ 2005ರಲ್ಲಿ ಐರ್ಲೆಂಡ್ ಗಣರಾಜ್ಯದಲ್ಲಿ 8,617 ಪಬ್ಬುಗಳಿದ್ದವು. 2021ರ ವೇಳೆಗೆ ಅವುಗಳ ಸಂಖ್ಯೆ 6,788ಕ್ಕೆ ಇಳಿಯಿತು. ಅಂದರೆ ಐದರಲ್ಲಿ ಒಂದು ಪಬ್ಬು ಬಾಗಿಲು ಮುಚ್ಚಿತು. ಲಿಮರಿಕ್, ಆಫಲಿ ಮುಂತಾದ ಕೌಂಟಿಗಳಲ್ಲಿ ಇಳಿಕೆ ಹೆಚ್ಚು, ಡಬ್ಲಿನ್‌ನಲ್ಲಿ ಕಡಿಮೆ. ಉಳಿದುಕೊಂಡ ಪಬ್ಬುಗಳಲ್ಲಿ ಅನೇಕವು ತಮ್ಮ ಅಡುಗೆಮನೆಯನ್ನು ನಂಬಿ ನಿಂತಿವೆ.

ಅಂಗಡಿಯೂ ಅದೇ, ಪಬ್ಬೂ ಅದೇ

‘ಪಬ್’ ಎಂಬುದು ‘ಪಬ್ಲಿಕ್ ಹೌಸ್’ ಎಂಬುದರ ಹ್ರಸ್ವರೂಪ. ಸಾರ್ವಜನಿಕರಿಗೆ ತೆರೆದ ಮನೆ ಎಂಬುದೇ ಅದರ ಅರ್ಥ. ಐರ್ಲೆಂಡಿನಲ್ಲಿ ಈ ಅರ್ಥ ಬಹುಮಟ್ಟಿಗೆ ಅಕ್ಷರಶಃ ನಿಜವಾಗಿತ್ತು. ಮಾಲೀಕರ ಕುಟುಂಬ ಮಹಡಿಯ ಮೇಲೆ ವಾಸಿಸುತ್ತಿತ್ತು, ಕೆಳಗೆ ವ್ಯಾಪಾರ ನಡೆಯುತ್ತಿತ್ತು. ಬಾಗಿಲ ಮೇಲಿನ ಫಲಕದಲ್ಲಿ ಇಂದಿಗೂ ಸಾಮಾನ್ಯವಾಗಿ ಕಾಣುವುದು ಕುಟುಂಬದ ಹೆಸರೇ.

ಹಳ್ಳಿ ಪಟ್ಟಣಗಳಲ್ಲಿ ಪಬ್ಬು ದಿನಸಿ ಅಂಗಡಿಯೂ ಆಗಿರುತ್ತಿತ್ತು. ಒಂದು ಬದಿಯ ಕೌಂಟರಿನಲ್ಲಿ ಚಹಾಪುಡಿ, ಸಕ್ಕರೆ. ಇನ್ನೊಂದು ಬದಿಯಲ್ಲಿ ಬಿಯರು, ವಿಸ್ಕಿ. ಕೆರ್ರಿ ಕೌಂಟಿಯ ಡಿಂಗಲ್ ಪಟ್ಟಣದ ‘ಫಾಕ್ಸಿ ಜಾನ್ಸ್’ ಪಬ್ಬಿನಲ್ಲಿ ಮೊಳೆ, ಸುತ್ತಿಗೆಗಳೂ ಮದ್ಯವೂ ಒಂದೇ ಸೂರಿನಡಿ ಮಾರಾಟವಾಗುವುದಕ್ಕೆ ಪ್ರಸಿದ್ಧಿ. ಅದೇ ಊರಿನ ‘ಡಿಕ್ ಮ್ಯಾಕ್ಸ್’ ಚರ್ಮದ ಕೆಲಸದ ಅಂಗಡಿಯೂ ಆಗಿತ್ತು. ಟಿಪ್ಪರೆರಿ ಕೌಂಟಿಯ ಫೆದರ್ಡ್‌ನ ‘ಮೆಕಾರ್ಥೀಸ್’ ಪಬ್ಬು ಊಟದ ಜೊತೆಗೆ ಅಂತ್ಯಕ್ರಿಯೆಯ ವ್ಯವಸ್ಥೆಗೂ ಹೆಸರಾದದ್ದು.

ಹಳೆಯ ಪಬ್ಬುಗಳಲ್ಲಿ ‘ಸ್ನಗ್’ ಎಂಬ ಪುಟ್ಟ ಕೋಣೆಯಿರುತ್ತದೆ. ಬಾರಿಗೆ ಹೊಂದಿಕೊಂಡಂತಿರುವ ಈ ಕೋಣೆಗೆ ಚಿಕ್ಕ ಕಿಟಕಿಯ ಮೂಲಕ ಪಾನೀಯ ತಲಪುತ್ತಿತ್ತು. ಮಹಿಳೆಯರು ಬಹಿರಂಗವಾಗಿ ಬಾರಿನಲ್ಲಿ ಕೂರುವುದು ಸಭ್ಯತೆಯಲ್ಲ ಎಂದು ಭಾವಿಸಿದ್ದ ಕಾಲದಲ್ಲಿ ಅವರು ಕೂರುತ್ತಿದ್ದುದು ಇಲ್ಲಿ. ಗುಟ್ಟಿನ ಮಾತುಕತೆಗೂ ಮದುವೆಯ ಮಾತುಕತೆಗೂ ಇದೇ ಸ್ಥಳ. ಇಂದು ಊಟಕ್ಕೆ ಬರುವ ಕುಟುಂಬಗಳು ಮೊದಲು ಹುಡುಕುವುದು ಈ ಬೆಚ್ಚನೆಯ ಮೂಲೆಯನ್ನೇ.

ತಟ್ಟೆಯಲ್ಲಿ ಏನಿರುತ್ತದೆ?

ಹಿಂದೆ ಪಬ್ಬಿನಲ್ಲಿ ಆಹಾರವೆಂದರೆ ಹೆಚ್ಚೆಂದರೆ ಒಂದು ಸ್ಯಾಂಡ್‌ವಿಚ್ ಮತ್ತು ಆಲೂಗಡ್ಡೆ ಚಿಪ್ಸ್ ಪೊಟ್ಟಣ. 1954ರಲ್ಲಿ ಡಬ್ಲಿನ್‌ನಲ್ಲಿ ಆರಂಭವಾದ ‘ಟೇಟೊ’ ಕಂಪನಿಯ ಚೀಸ್ ಮತ್ತು ಈರುಳ್ಳಿ ರುಚಿಯ ಚಿಪ್ಸ್ ಇಂದಿಗೂ ಬಾರಿನ ಹಿಂದೆ ನೇತಾಡುತ್ತದೆ. ಹ್ಯಾಮ್, ಚೀಸ್, ಟೊಮೇಟೊ, ಈರುಳ್ಳಿ ಇಟ್ಟು ಬಿಸಿ ಮಾಡಿದ ‘ಟೋಸ್ಟೆಡ್ ಸ್ಪೆಷಲ್’ ಅಡುಗೆಮನೆಯೇ ಇಲ್ಲದ ಪಬ್ಬುಗಳ ಏಕೈಕ ಬಿಸಿ ತಿನಿಸಾಗಿತ್ತು.

ಇಂದಿನ ಪಟ್ಟಿ ದೊಡ್ಡದು. ಕುರಿಮಾಂಸ, ಆಲೂಗಡ್ಡೆ, ಈರುಳ್ಳಿಗಳನ್ನು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೇಯಿಸಿದ ‘ಐರಿಷ್ ಸ್ಟ್ಯೂ’, ಹಂದಿಮಾಂಸ ಮತ್ತು ಎಲೆಕೋಸಿನ ಊಟ, ಕರಾವಳಿಯಲ್ಲಿ ಮೀನು, ಮೃದ್ವಂಗಿಗಳನ್ನು ಹಾಕಿದ ಕೆನೆಭರಿತ ‘ಚೌಡರ್’ ಸೂಪು ಪ್ರಮುಖವಾದವು. ಸಾಸೇಜು, ಹಂದಿಮಾಂಸದ ಹೋಳು, ಆಲೂಗಡ್ಡೆ ಬೇಯಿಸಿದ ‘ಕಾಡಲ್’ ಡಬ್ಲಿನ್ ನಗರದ್ದೇ ಖಾದ್ಯ. ಐರಿಷ್ ಊಟವೆಂದು ಜಗತ್ತು ನಂಬಿರುವ ಕಾರ್ನ್ಡ್ ಬೀಫ್ ಮತ್ತು ಎಲೆಕೋಸಿನ ಜೋಡಿ ಮಾತ್ರ ಬಹುಮಟ್ಟಿಗೆ ಅಮೆರಿಕಕ್ಕೆ ವಲಸೆ ಹೋದ ಐರಿಷರ ಕೊಡುಗೆ.

ಎಲ್ಲಕ್ಕೂ ಜೊತೆಯಾಗಿ ಬರುವುದು ಕಂದು ಬಣ್ಣದ ಸೋಡಾ ಬ್ರೆಡ್ಡು. ಇದಕ್ಕೆ ಯೀಸ್ಟ್ ಬೇಡ. ಗೋಧಿಹಿಟ್ಟಿಗೆ ಅಡುಗೆ ಸೋಡಾ ಮತ್ತು ಮಜ್ಜಿಗೆ ಬೆರೆಸಿದರೆ ಮಜ್ಜಿಗೆಯ ಹುಳಿ ಸೋಡಾದೊಂದಿಗೆ ವರ್ತಿಸಿ ಅನಿಲ ಹೊಮ್ಮಿಸುತ್ತದೆ, ಹಿಟ್ಟು ಉಬ್ಬುತ್ತದೆ. ತರಕಾರಿ ಸೂಪು ಮತ್ತು ಬೆಣ್ಣೆ ಸವರಿದ ಈ ಬ್ರೆಡ್ಡು ಸಸ್ಯಾಹಾರಿಗಳಿಗೆ ಅಲ್ಲಿ ಸುಲಭವಾಗಿ ದೊರೆಯುವ ಆಹಾರ. ಸೂಪಿಗೆ ಮಾಂಸದ ಸಾರು ಬಳಸಿದ್ದಾರೆಯೇ ಎಂದು ವಿಚಾರಿಸಿಕೊಳ್ಳುವುದು ಒಳಿತು.

ಭಾರತೀಯರಿಗೆ ಅಚ್ಚರಿ ತರುವ ತಟ್ಟೆಯೂ ಒಂದಿದೆ. ಚಿಕನ್ ಕರಿ ಕೇಳಿದರೆ ‘ಹಾಫ್ ಅಂಡ್ ಹಾಫ್ ಬೇಕೆ?’ ಎಂಬ ಪ್ರಶ್ನೆ ಬರಬಹುದು. ಅರ್ಧ ಅನ್ನ, ಅರ್ಧ ಕರಿದ ಆಲೂಗಡ್ಡೆ ಎಂದು ಅದರರ್ಥ. 2022ರ ಜನಗಣತಿಯಂತೆ ಐರ್ಲೆಂಡಿನಲ್ಲಿ ನೆಲೆಸಿದ ಭಾರತೀಯ ಪೌರರ ಸಂಖ್ಯೆ 45 ಸಾವಿರ ದಾಟಿದ್ದರೂ ಈ ಸಿಹಿಮಿಶ್ರಿತ ಕರಿಗೂ ನಮ್ಮ ಸಾರಿಗೂ ನಂಟು ಕಡಿಮೆ.

ಪಬ್ಬಿನ ರೀತಿ ನೀತಿ

ಬಡಾವಣೆಯ ಪಬ್ಬಿನಲ್ಲಿ ಮೇಜಿನ ಬಳಿ ಮಾಣಿ ಬರುವನೆಂದು ಕಾಯುತ್ತ ಕೂತರೆ ಕೆಲವೊಮ್ಮೆ ಬಹಳ ಹೊತ್ತು ಕೂರಬೇಕಾದೀತು. ಪಾನೀಯವನ್ನು ಬಾರಿಗೇ ಹೋಗಿ ಕೇಳುವುದು ವಾಡಿಕೆ. ಮಧ್ಯಾಹ್ನದ ‘ಕಾರ್ವರಿ’ಯಲ್ಲಿ ಗ್ರಾಹಕರ ಕಣ್ಣೆದುರೇ ಮಾಂಸ ಕತ್ತರಿಸಿ, ತರಕಾರಿಯೊಂದಿಗೆ ತಟ್ಟೆಗೆ ಹಾಕಿಕೊಡುತ್ತಾರೆ. ಗಿನ್ನೆಸ್ ಬಿಯರನ್ನು ಎರಡು ಹಂತದಲ್ಲಿ ಸುರಿಯುವುದರಿಂದ ಸುಮಾರು ಎರಡು ನಿಮಿಷ ಹಿಡಿಯುತ್ತದೆ, ಅವಸರಿಸುವುದು ಸಲ್ಲದು. ಗೆಳೆಯರ ಗುಂಪಿನಲ್ಲಿ ಪ್ರತಿಯೊಬ್ಬರೂ ಸರದಿಯಂತೆ ಎಲ್ಲರಿಗೂ ಕೊಡಿಸುವುದು ‘ರೌಂಡ್’ ಪದ್ಧತಿ. ತನ್ನ ಸರದಿ ತಪ್ಪಿಸಿಕೊಂಡವನ ಹೆಸರು ಊರಲ್ಲಿ ಬೇಗ ಕೆಡುತ್ತದೆ.

ಪಾಲಕರೊಂದಿಗೆ ಬರುವ ಮಕ್ಕಳು ರಾತ್ರಿ 9ರವರೆಗೆ, ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ 10ರವರೆಗೆ ಪಬ್ಬಿನಲ್ಲಿರಲು ಕಾನೂನಿನ ಅನುಮತಿಯಿದೆ. ಸಂಜೆಯ ಊಟಕ್ಕೆ ಕುಟುಂಬಗಳು ಬೇಗ ಬರುವುದಕ್ಕೆ ಇದೂ ಒಂದು ಕಾರಣ.

ಕಾನೂನು ತಂದ ಬದಲಾವಣೆ

2004ರ ಮಾರ್ಚ್ 29ರಂದು ಐರ್ಲೆಂಡ್ ಪಬ್ಬುಗಳೂ ಸೇರಿದಂತೆ ಒಳಾಂಗಣದ ಎಲ್ಲ ಕೆಲಸದ ಸ್ಥಳಗಳಲ್ಲಿ ಧೂಮಪಾನ ನಿಷೇಧಿಸಿತು. ದೇಶವ್ಯಾಪಿಯಾಗಿ ಇಂತಹ ಕ್ರಮ ಕೈಗೊಂಡ ಮೊದಲ ರಾಷ್ಟ್ರವದು. ವ್ಯಾಪಾರ ಕುಸಿಯುವುದೆಂದು ಮಾಲೀಕರು ಪ್ರತಿಭಟಿಸಿದರು. ಆದರೆ ಹೊಗೆ ಸರಿದ ಕೋಣೆಯಲ್ಲಿ ಮಕ್ಕಳೊಂದಿಗೆ ಕೂತು ಉಣ್ಣುವುದು ಹಿತವಾಯಿತು.

ಮುಂದಿನ ಹೊಡೆತ ರಸ್ತೆ ಸುರಕ್ಷತೆಯ ನಿಯಮಗಳಿಂದ ಬಂತು. 2011ರಲ್ಲಿ ಚಾಲಕರ ರಕ್ತದಲ್ಲಿನ ಮದ್ಯಾಂಶದ ಮಿತಿಯನ್ನು 100 ಮಿಲಿಲೀಟರಿಗೆ 80 ಮಿಲಿಗ್ರಾಂನಿಂದ 50ಕ್ಕೆ ಇಳಿಸಲಾಯಿತು. 2018ರಿಂದ ಮಿತಿ ಮೀರಿದವರ ಚಾಲನಾ ಹಕ್ಕನ್ನು ಕನಿಷ್ಠ ಮೂರು ತಿಂಗಳು ರದ್ದುಪಡಿಸುವುದು ಕಡ್ಡಾಯವಾಯಿತು. ಜೀವ ಉಳಿಸುವ ಈ ನಿಯಮದ ಅಗತ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಬಸ್ಸಿಲ್ಲದ ಹಳ್ಳಿಯಲ್ಲಿ ಐದಾರು ಕಿಲೋಮೀಟರ್ ದೂರದ ಜಮೀನಿನಿಂದ ಬರುತ್ತಿದ್ದ ರೈತ ಮನೆಯಲ್ಲೇ ಉಳಿದ. ಊಟಕ್ಕೆಂದು ಬರುವವರಿಗೆ ಈ ತೊಡಕಿಲ್ಲ. ಹೀಗಾಗಿ ಅಡುಗೆಮನೆಯಿದ್ದ ಪಬ್ಬಿಗೂ ಇಲ್ಲದ ಪಬ್ಬಿಗೂ ನಡುವಿನ ಅಂತರ ಹಿಗ್ಗಿತು.

ಆ ಅಂತರವನ್ನು ಎಲ್ಲರೂ ಕಣ್ಣಾರೆ ಕಂಡದ್ದು ಕೋವಿಡ್ ಕಾಲದಲ್ಲಿ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಪಬ್ಬುಗಳ ಪೈಕಿ ಊಟ ನೀಡುವವುಗಳಿಗೆ ಜೂನ್ 29ರಂದು ಬಾಗಿಲು ತೆರೆಯಲು ಅವಕಾಶ ದೊರೆಯಿತು. ಪ್ರತಿ ಗ್ರಾಹಕನೂ ಕನಿಷ್ಠ 9 ಯೂರೋ ಬೆಲೆಯ ಊಟ ಪಡೆಯಬೇಕೆಂಬುದು ಷರತ್ತು. ಕೇವಲ ಮದ್ಯ ಮಾರುವ ಪಬ್ಬುಗಳು ಸೆಪ್ಟೆಂಬರ್ 21ರವರೆಗೆ ಕಾಯಬೇಕಾಯಿತು, ಡಬ್ಲಿನ್‌ನಲ್ಲಂತೂ ಇನ್ನೂ ದೀರ್ಘಕಾಲ. ಒಂದೇ ಬೀದಿಯ ಎರಡು ಪಬ್ಬುಗಳ ಭವಿಷ್ಯವನ್ನು ಒಂದು ಒಲೆ ನಿರ್ಧರಿಸಿತು.

ಪರವಾನಗಿಯ ಲೆಕ್ಕಾಚಾರ

ಹಳ್ಳಿಯ ಪಬ್ಬು ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದು ಏಕೆ ದುರ್ಲಭ? ಉತ್ತರ ಪರವಾನಗಿಯಲ್ಲಿದೆ. 1902ರ ಕಾಯಿದೆಯಿಂದಾಗಿ ಐರ್ಲೆಂಡಿನಲ್ಲಿ ಹೊಸ ಪಬ್ ಪರವಾನಗಿ ಪಡೆಯುವುದು ಬಹುತೇಕ ಅಸಾಧ್ಯ. ಹೊಸ ಪಬ್ಬು ತೆರೆಯಬೇಕಾದರೆ ಇರುವ ಪರವಾನಗಿಯೊಂದನ್ನು ಕೊಂಡು ರದ್ದುಪಡಿಸಬೇಕು. 2000ದ ಕಾಯಿದೆ ದೇಶದ ಯಾವುದೇ ಮೂಲೆಯ ಪರವಾನಗಿಯನ್ನು ಇದಕ್ಕೆ ಬಳಸಲು ಅವಕಾಶ ನೀಡಿತು. ಸೂಪರ್ ಮಾರ್ಕೆಟ್‌ಗಳೂ ಇದೇ ದಾರಿ ಹಿಡಿದವು. ಪರಿಣಾಮವಾಗಿ ಗಿರಾಕಿಗಳಿಲ್ಲದ ಹಳ್ಳಿಯ ಪಬ್ಬಿಗೆ ವ್ಯಾಪಾರಕ್ಕಿಂತ ಪರವಾನಗಿಯ ಮಾರಾಟವೇ ಲಾಭಕರವಾಯಿತು. ಪರವಾನಗಿ ನಗರಕ್ಕೆ ಹೋಯಿತು, ಹಳ್ಳಿಗೆ ಉಳಿದದ್ದು ಬೀಗ ಹಾಕಿದ ಬಾಗಿಲು.

ಅಂಚೆ ಕಚೇರಿ, ಅಂಗಡಿಗಳನ್ನು ಈಗಾಗಲೇ ಕಳೆದುಕೊಂಡ ಊರಿಗೆ ಇದು ಸಣ್ಣ ನಷ್ಟವಲ್ಲ. ಅಂತ್ಯಕ್ರಿಯೆಯ ನಂತರದ ಊಟ, ಪಂದ್ಯ ಗೆದ್ದವರ ಸಂಭ್ರಮ, ಒಂಟಿಯಾಗಿ ಬದುಕುವ ಹಿರಿಯರ ವಾರದ ಒಂದು ಮಾತುಕತೆ ಇವೆಲ್ಲಕ್ಕೂ ಇದ್ದ ತಾಣ ಅದೊಂದೇ.

ರಫ್ತಾದ ಪಬ್ಬು

ವಿಚಿತ್ರವೆಂದರೆ ತಾಯ್ನಾಡಿನಲ್ಲಿ ಪಬ್ಬುಗಳ ಸಂಖ್ಯೆ ಇಳಿಯುತ್ತಿದ್ದ ವರ್ಷಗಳಲ್ಲಿ ಹೊರದೇಶಗಳಲ್ಲಿ ಐರಿಷ್ ಪಬ್ಬುಗಳು ಹಬ್ಬಿದವು. 1990ರ ದಶಕದ ಆರಂಭದಲ್ಲಿ ಡಬ್ಲಿನ್‌ನ ‘ಐರಿಷ್ ಪಬ್ ಕಂಪನಿ’ ಗಿನ್ನೆಸ್ ಸಹಕಾರದೊಂದಿಗೆ ಪಬ್ಬಿನ ಒಳಾಂಗಣವನ್ನೇ ಸಿದ್ಧವಸ್ತುವಾಗಿ ರಫ್ತು ಮಾಡತೊಡಗಿತು. ಹಳ್ಳಿಮನೆ, ದಿನಸಿ ಅಂಗಡಿ, ವಿಕ್ಟೋರಿಯಾ ಕಾಲದ ಬಾರು ಹೀಗೆ ಬೇಕಾದ ಮಾದರಿಯನ್ನು ಆರಿಸಿಕೊಳ್ಳಬಹುದಿತ್ತು. ಬೆಂಗಳೂರಿನ ಐಟಿಸಿ ವಿಂಡ್ಸರ್ ಹೋಟೆಲಿನಲ್ಲೂ ‘ಡಬ್ಲಿನ್’ ಹೆಸರಿನ ಐರಿಷ್ ಪಬ್ಬು ಬಂತು. ಆದರೆ ಮರದ ಕೌಂಟರು, ಹಳೆಯ ಫಲಕಗಳನ್ನು ಹಡಗಿನಲ್ಲಿ ಕಳಿಸಿದಂತೆ ಗಿರಾಕಿಯ ತಂದೆಯನ್ನೂ ಅಜ್ಜನನ್ನೂ ಬಲ್ಲ ಮಾಲೀಕನನ್ನು ಕಳಿಸಲಾಗದು.

ಊಟವೊಂದೇ ಪಬ್ಬನ್ನು ಉಳಿಸೀತೆಂದು ಹೇಳುವಂತಿಲ್ಲ. ಅಡುಗೆಯವರ ಕೊರತೆ, ಇಂಧನ ಮತ್ತು ವೇತನದ ವೆಚ್ಚ ಸಣ್ಣ ಮಾಲೀಕರನ್ನು ಕಾಡುತ್ತಿವೆ. ಊಟದ ಮೇಲಿನ ಮೌಲ್ಯವರ್ಧಿತ ತೆರಿಗೆ 2023ರ ಸೆಪ್ಟೆಂಬರ್‌ನಲ್ಲಿ ಶೇ. 9ರಿಂದ ಶೇ. 13.5ಕ್ಕೆ ಏರಿದಾಗ ಉದ್ಯಮ ತೀವ್ರವಾಗಿ ವಿರೋಧಿಸಿತು. 2026ರ ಜುಲೈನಿಂದ ಅದನ್ನು ಮತ್ತೆ ಶೇ. 9ಕ್ಕೆ ಇಳಿಸುವ ನಿರ್ಧಾರವನ್ನು ಸರ್ಕಾರ 2025ರ ಅಕ್ಟೋಬರ್‌ನ ಬಜೆಟ್‌ನಲ್ಲಿ ಪ್ರಕಟಿಸಿತು. ಮದ್ಯದ ಮೇಲಿನ ಶೇ. 23ರ ದರಕ್ಕೆ ಈ ರಿಯಾಯಿತಿ ಅನ್ವಯಿಸದು. ಆದ್ದರಿಂದ ಇದರ ಪ್ರಯೋಜನ ದಕ್ಕುವುದು ಒಲೆ ಹಚ್ಚಿದ ಪಬ್ಬುಗಳಿಗೆ ಮಾತ್ರ. ಅಡುಗೆಯವನಿಗೆ ಸಂಬಳ ಕೊಡುವಷ್ಟು ಗಿರಾಕಿಗಳಿಲ್ಲದ ಸಣ್ಣ ಹಳ್ಳಿಗಳ ಪಬ್ಬುಗಳಿಗೆ ಬೇರೆಯೇ ಪರಿಹಾರ ಬೇಕಾಗಿದೆ.