ಊರ ಹಂದಿಯೋ, ಯಾರ್ಕ್‌ಶೈರೋ?



ಕೆಪೆ ಭಾಗದಲ್ಲಿ ಕಬ್ಬಿನ ಗದ್ದೆ ನೋಡಲು ಬಂದಾಗ ನಿಮ್ಮಲ್ಲಿ ಕೆಲವರು ಕಬ್ಬನ್ನು ಬಿಟ್ಟು ಹಂದಿಯ ಮಾತು ತೆಗೆಯುತ್ತೀರಿ. ಕಪ್ಪು ಊರ ಹಂದಿಯನ್ನು ಮಾರಿ, ಬಿಳಿಯ ಲಾರ್ಜ್ ವೈಟ್ ಯಾರ್ಕ್‌ಶೈರ್ ಮರಿಗಳನ್ನು ತರುವುದು ಲೇಸೇ ಎಂದು ಕೇಳುತ್ತೀರಿ. ನಿಮ್ಮ ತೊಟ್ಟಿಗೆ ಏನು ಬೀಳುತ್ತದೆ ಎಂಬುದನ್ನು ತಿಳಿಯದೆ ಇದಕ್ಕೆ ಉತ್ತರ ಹೇಳಲಾಗದು.

ತಿಂದ ಆಹಾರದ ಶಕ್ತಿಯು ಮೊದಲು ಉಸಿರಾಟ, ಮೈಶಾಖ, ಓಡಾಟಗಳಿಗೆ ವೆಚ್ಚವಾಗುತ್ತದೆ. 60 ಕಿಲೋ ತೂಕದ ಹಂದಿಗೆ ಇಷ್ಟಕ್ಕೇ ದಿನಕ್ಕೆ ಸುಮಾರು 2,300 ಕಿಲೋ ಕ್ಯಾಲೊರಿ, ಅಂದರೆ ಸುಮಾರು 700 ಗ್ರಾಂ ಗೋವಿನಜೋಳದಷ್ಟು ಬೇಕು. ಅದಕ್ಕಿಂತ ಹೆಚ್ಚು ತಿಂದದ್ದು ಮಾತ್ರ ಮೈಗೆ ಹತ್ತುತ್ತದೆ.

ತಳಿಯ ವ್ಯತ್ಯಾಸ ಕಾಣುವುದು ಇಲ್ಲಿ. ಯಾರ್ಕ್‌ಶೈರ್ ಬಹುಕಾಲ ಮಾಂಸವನ್ನೇ ಬೆಳೆಸುತ್ತದೆ. ಊರ ಹಂದಿ ಸಣ್ಣ ಮೈಯಲ್ಲಿಯೇ ಕೊಬ್ಬು ಕಟ್ಟಲು ತೊಡಗುತ್ತದೆ. ಕೆಂಪು ಮಾಂಸದಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ನೀರು. ಕೊಬ್ಬಿನಲ್ಲಿ ನೀರು ಅತಿ ಕಡಿಮೆ, ಶುದ್ಧ ಕೊಬ್ಬಿನ ಒಂದೊಂದು ಗ್ರಾಂನಲ್ಲಿಯೂ 9 ಕಿಲೋ ಕ್ಯಾಲೊರಿಗೆ ಮಿಕ್ಕಿದ ಶಕ್ತಿ. ಆದ್ದರಿಂದ ಒಂದು ಕಿಲೋ ಕೊಬ್ಬು ಏರಿಸಲು ಒಂದು ಕಿಲೋ ಮಾಂಸಕ್ಕಿಂತ ಬಹಳ ಹೆಚ್ಚು ಆಹಾರ ಬೇಕು. ಯಾರ್ಕ್‌ಶೈರ್ ಬೇಗ ತೂಗುವ ಗುಟ್ಟು ಇದೇ.

ಆದರೆ ಮಾಂಸ ಬೆಳೆಯಲು ಶಕ್ತಿಯೊಂದೇ ಸಾಲದು, ಸಸಾರಜನಕವೂ ಬೇಕು, ಅದರಲ್ಲಿಯೂ ಲೈಸಿನ್. ಬರೀ ತೌಡು, ಮುಸುರೆ, ಫೆಣಿಗೆ ಹಿಂಡಿ ಉಳಿದ ಗೋಡಂಬಿ ಹಣ್ಣಿನ ಹಿಪ್ಪೆ ಹಾಕಿದರೆ ಯಾರ್ಕ್‌ಶೈರಿಗೆ ಹೊಟ್ಟೆ ತುಂಬುತ್ತದೆ, ಕೊರತೆ ನೀಗುವುದಿಲ್ಲ. ಬೆಳವಣಿಗೆ ಕುಂಠಿತವಾಗಿ, ಉಳಿದ ಶಕ್ತಿ ಕೊಬ್ಬಿಗೇ ಹೋಗುತ್ತದೆ. ದುಬಾರಿ ಮರಿ ತಂದು ಊರ ಹಂದಿಯ ಫಲ ಪಡೆದಂತೆ! ಊರ ಹಂದಿಯ ಬೆಳವಣಿಗೆಯೇ ನಿಧಾನ, ಬೇಡಿಕೆಯೂ ಕಡಿಮೆ; ಹಿತ್ತಲಲ್ಲಿ ಅಗೆದು ತಿಂದು ಅಷ್ಟಿಷ್ಟು ತಾನೇ ಸರಿದೂಗಿಸಿಕೊಳ್ಳುತ್ತದೆ.

ನಮ್ಮ ಕಾಕಂಬಿಯ ವಿಷಯವೂ ಹೀಗೆಯೇ. ಅದರಲ್ಲಿ ಸಕ್ಕರೆಯ ಶಕ್ತಿಯಿದೆ, ಉಪಯುಕ್ತ ಸಸಾರಜನಕ ಇಲ್ಲವೆಂದರೂ ಸರಿ. ಹಿಂಡಿ ಸೇರಿಸದೆ ಸುರಿದರೆ ಫಲವಿಲ್ಲ. ಅತಿಯಾದರೆ ಸಗಣಿ ತೆಳುವಾಗುತ್ತದೆ.

ಹಿಂಡಿ, ಜೋಳಕ್ಕೆ ಹಣ ಹಾಕಬಲ್ಲವರು ಯಾರ್ಕ್‌ಶೈರ್ ಅಥವಾ ಅದರ ಮಿಶ್ರತಳಿ ಸಾಕಿರಿ. ಮನೆಯ ತೌಡು ಮುಸುರೆಯನ್ನೇ ನಂಬಿದವರು ಊರ ಹಂದಿಯನ್ನು ಬಿಡಬೇಡಿರಿ. ನೆರೆಯ ಕಾಣಕೋಣ ತಾಲೂಕಿನ ಅಗೊಂದದ ಹೆಸರು ಹೊತ್ತ ‘ಅಗೊಂದ ಗೋವನ್’ ಇಂದು ಕರ್ನಾಲಿನ ರಾಷ್ಟ್ರೀಯ ಸಂಸ್ಥೆಯಲ್ಲಿ ನೋಂದಾಯಿತ ದೇಶಿ ತಳಿ. ಚೋರಿಸ್ ಮಾಡುವವರಿಗೆ ಕೊಬ್ಬೂ ಬೇಕು; ಮಾರುವ ಮೊದಲು ಅವರಲ್ಲಿ ದರ ವಿಚಾರಿಸಿರಿ.

ಒಂದು ಮಾತು: ಹೋಟೆಲಿನ ಮುಸುರೆಯನ್ನು ಚೆನ್ನಾಗಿ ಕುದಿಸದೆ ಯಾವ ತಳಿಗೂ ಹಾಕಕೂಡದು. ಆಫ್ರಿಕನ್ ಹಂದಿ ಜ್ವರ ಹೀಗೂ ಹರಡುತ್ತದೆ, ಅದಕ್ಕೆ ಮದ್ದಿಲ್ಲ.